ಕೆಂಪಿಗೆ ಹಸಿರು

ಬಣ್ಣದ ತಾತನ ಕೈಗೆ ಸಿಕ್ಕಿಯೂ ಮೈಮೇಲೆ ಉಳಿದ ಕಲೆ ಇಲ್ಲ ಎಂಬ ಮಾತು ಊರಿನ ಶಾಲೆಗಳಲ್ಲೆಲ್ಲ ಇತ್ತು. ಆ ಮಾತನ್ನು ಹಬ್ಬಿಸಿದವರಲ್ಲಿ ತಾತನೂ ಒಬ್ಬರು ಎನ್ನುವುದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಹರೆಯದಲ್ಲಿ ನಾಟಕ ಕಂಪನಿಯೊಂದರ ಮೇಕಪ್ ಕೋಣೆ ಸೇರಿದವರು, ಕಂಪನಿ ಬಾಗಿಲು ಹಾಕಿಕೊಂಡ ಮೇಲೆ ಶಾಲೆಗಳ ಕಡೆ ತಿರುಗಿದರು. ವಾರ್ಷಿಕೋತ್ಸವ, ನೃತ್ಯ ಸ್ಪರ್ಧೆ, ಗುಂಪು ಫೋಟೋ ಎಂದು ಮೂವತ್ನಾಲ್ಕು ವರ್ಷ ಮಕ್ಕಳ ಮುಖಕ್ಕೂ ಕೈಗೂ ಬಣ್ಣ ಹಚ್ಚಿಕೊಂಡು ಬಂದರು. ರಾಜನ ಮೀಸೆ, ಹುಲಿಯ ಪಟ್ಟೆ ಯಾರು ಬೇಕಾದರೂ ಬರೆದಾರು. ಕಲೆ ಮುಚ್ಚುವುದಿದೆಯಲ್ಲ, ಅದು ತಮಗೊಬ್ಬರಿಗೇ ಒಲಿದ ವಿದ್ಯೆ ಎಂದು ಅವರು ನಂಬಿದ್ದರು.

ಆ ವಿದ್ಯೆಗೆ ಒಂದು ಸೂತ್ರವಿತ್ತು. ಕೆಂಪಿಗೆ ಹಸಿರು, ನೀಲಿಗೆ ಕಿತ್ತಳೆ, ಹಳದಿಗೆ ನೇರಳೆ. ಚರ್ಮದ ಮೇಲೆ ಯಾವ ಬಣ್ಣ ಎದ್ದಿದೆಯೋ ಅದರ ಎದುರಾಳಿ ಬಣ್ಣವನ್ನು ತೆಳುವಾಗಿ ಒತ್ತಬೇಕು. ಮೇಲೆ ಮೈಬಣ್ಣದ ಲೇಪ ಕೊಟ್ಟರೆ ಕಲೆ ಮಾಯ. ವೇದಿಕೆಯ ದೀಪಕ್ಕೆ ಚರ್ಮ ಸಪ್ಪೆಯಾಗಿ ಕಾಣಬಾರದು ಎಂದು ಆ ಮೈಬಣ್ಣದ ಲೇಪವನ್ನಂತೂ ಎಲ್ಲ ಮಕ್ಕಳ ತೋಳಿಗೂ ಹಚ್ಚುತ್ತಿದ್ದರು. ಸಾಲಿನಲ್ಲಿ ನಿಂತವರು ತಳ್ಳಾಡದಿರಲಿ ಎಂದು ತಮ್ಮ ಸೂತ್ರವನ್ನೇ ಮಗ್ಗಿಯ ಹಾಗೆ ಹೇಳಿಸುತ್ತಿದ್ದರು. "ಕೆಂಪಿಗೆ?" ಎಂದು ತಾತ ಕೇಳಿದರೆ "ಹಸಿರೂ!" ಎಂದು ಮೂವತ್ತು ಗಂಟಲು ಒಟ್ಟಿಗೆ ಕೂಗುತ್ತಿದ್ದವು, ಪಕ್ಕದ ಕೋಣೆಯ ಟೀಚರು ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಪ್ರತಿ ವರ್ಷದ ಗುಂಪು ಫೋಟೋದ ಒಂದೊಂದು ಪ್ರತಿಯನ್ನು ತಾತ ಕೇಳಿ ಪಡೆದು ಆಲ್ಬಂನಲ್ಲಿ ಅಂಟಿಸಿಟ್ಟಿದ್ದರು. ಮನೆಗೆ ಯಾರೇ ಬರಲಿ, ಆಲ್ಬಂ ನೋಡದೆ ಬಿಡುಗಡೆ ಇರಲಿಲ್ಲ. "ಈ ಹುಡುಗನ ಕೆನ್ನೆ ಮೇಲೆ ಅಂಗೈಯಗಲ ಮಚ್ಚೆ ಇತ್ತು, ಎಲ್ಲಿದೆ ಹುಡುಕಿ ನೋಡೋಣ!" ಎಂದು ಸವಾಲು ಹಾಕುವರು. ಬಂದವರು ಹುಡುಕಿ ಸೋಲುವರು. ಪಕ್ಕದಲ್ಲಿ ಹೊಲಿಗೆ ಯಂತ್ರ ತುಳಿಯುತ್ತ ಕೂತ ಹೆಂಡತಿ, "ಬಿಡ್ರೀ, ಅವರು ಮನೆಗೆ ಹೋಗ್ಲಿ, ಬೆಳಿಗ್ಗೆಯಿಂದ ಕೂತಿದ್ದಾರೆ" ಎಂದು ಬಂದವರನ್ನು ಪಾರುಮಾಡುವರು. ನಾಟಕಗಳಿಗೆ ವೇಷದ ಬಟ್ಟೆ ಹೊಲಿಯುವವರು ಆಕೆಯೇ.

ಹೀಗಿರುವಾಗ ಮಕ್ಕಳ ಆಸ್ಪತ್ರೆಯ ಡಾಕ್ಟರಮ್ಮ ತಾತನನ್ನು ಹುಡುಕಿಕೊಂಡು ಬಂದರು. ಟೀಚರುಗಳು, ನರ್ಸ್‌ಗಳು, ಪೊಲೀಸರು, ಶಾಲೆ ಬಸ್ಸಿನ ಆಯಾಗಳು, ಹೀಗೆ ದಿನಾ ಮಕ್ಕಳ ನಡುವೆ ಇರುವವರಿಗೆ ಆಕೆ ಎರಡು ದಿನದ ತರಬೇತಿ ನಡೆಸುತ್ತಿದ್ದರು. ಹಿಂಸೆ ಅನುಭವಿಸುತ್ತಿರುವ ಮಗುವನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನು ಮಾಡಬೇಕು, ಏನು ಮಾಡಬಾರದು ಎನ್ನುವುದು ಅಲ್ಲಿನ ಪಾಠ. ಪರದೆಯ ಮೇಲೆ ಚಿತ್ರ ತೋರಿಸಿದರೆ ಜನ ತೂಕಡಿಸುತ್ತಾರೆ, ಜೀವವಿರುವ ತೋಳಿನ ಮೇಲೆ ತೋರಿಸಿದರೆ ಮರೆಯುವುದಿಲ್ಲ ಎಂಬುದು ಡಾಕ್ಟರಮ್ಮನ ಅನುಭವ. ಅದಕ್ಕೆ ನರ್ಸಿಂಗ್ ಓದುವ ಹುಡುಗಿಯರ ಕೈಕಾಲಿನ ಮೇಲೆ ಪೆಟ್ಟಿನ ಗುರುತು ಬರೆಯಬಲ್ಲ ಒಬ್ಬರು ಬೇಕಿತ್ತು.

"ಇಷ್ಟು ವರ್ಷ ಅಳಿಸಿದ್ದಾಯ್ತು, ಈಗ ಬರೆಯೋಕೆ ಹೊರಟ್ರಾ?" ಎಂದು ಹೆಂಡತಿ ನಕ್ಕರು.

"ಅಳಿಸೋಕೆ ಬರೋನಿಗೆ ಬರೆಯೋದೇನು ಮಹಾ ಬಿಡೇ" ಎಂದು ತಾತ ಬಣ್ಣದ ಪೆಟ್ಟಿಗೆ ಒರೆಸಿಟ್ಟುಕೊಂಡರು.

ಮೊದಲ ದಿನ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ತಾತ ಹೊಸ ಮದುವಣಿಗನ ಹಾಗೆ ಓಡಾಡಿದರು. ಗೋಡೆಗೆ ಸಾಲಾಗಿ ಆರು ಸ್ಟೂಲು, ಒಂದು ಸ್ಟೀಲ್ ತಟ್ಟೆ ತುಂಬ ಹತ್ತಿ, ಕಿಟಕಿಯ ಹತ್ತಿರ ಒಳ್ಳೆಯ ಬೆಳಕು. ಡಾಕ್ಟರಮ್ಮ ಒಂದೊಂದು ಚಿತ್ರ ಕೊಟ್ಟ ಹಾಗೆ ತಾತ ಅದನ್ನು ತೋಳಿಗೂ ಮಂಡಿಗೂ ಇಳಿಸಿದರು. ಪೊಲೀಸಪ್ಪನೊಬ್ಬ ಮುಟ್ಟಿ ನೋಡಿ ಕೈ ಹಿಂದೆಳೆದುಕೊಂಡ. ತಾತನಿಗೆ ಅಷ್ಟು ಸಾಕಾಯಿತು, ಊಟವೂ ಬೇಡವಾಯಿತು.

ಡಾಕ್ಟರಮ್ಮ ಸ್ಟೂಲಿನಿಂದ ಸ್ಟೂಲಿಗೆ ನಡೆದು ಪಾಠ ಹೇಳುತ್ತಿದ್ದರು. "ಆಡಿ ಬಿದ್ದ ಮಗುವಿಗೆ ಪೆಟ್ಟಾಗೋದು ಮಂಡಿ, ಮೊಣಕೈ, ಹಣೆ, ಇಂಥ ಮೂಳೆ ಮುಂದೆ ಚಾಚಿರೋ ಕಡೆ. ಕಿವಿ, ಕುತ್ತಿಗೆ, ತೋಳಿನ ಒಳಭಾಗ, ತೊಡೆಯ ಹಿಂದೆ, ಇಲ್ಲಿ ಗುರುತು ಕಂಡ್ರೆ ಒಂದು ಕ್ಷಣ ನಿಲ್ಲಿ."

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಮ್ಮಾ?" ಎಂದಳು ಬಸ್ಸಿನ ಆಯಾ. "ಹೊಡೆದಿದ್ದು ನೋಡಿದ್ರೆ ಗೊತ್ತಾಗಲ್ವಾ?"

"ಗೊತ್ತಾಗಲ್ಲ. ನಾನೇ ಮೊದಮೊದಲು ತಪ್ಪಿದೀನಿ. ಕಣ್ಣು ನೋಡುತ್ತೆ, ಮನಸ್ಸು ಒಪ್ಪಲ್ಲ. ಇನ್ನೊಂದು ನೆನಪಿಡಿ, ನೋವಿರೋ ಜಾಗ ಒತ್ತಿದ್ರೂ ಅಲ್ಲಾಡದೆ ಕೂರೋ ಮಗುವನ್ನ ಎಷ್ಟು ಜಾಣೆ ಅಂತ ಹೊಗಳಬೇಡಿ. ಅಲ್ಲಾಡಬಾರದು ಅಂತ ಅದಕ್ಕೆ ಯಾರು ಕಲಿಸಿದ್ರು ಅಂತ ಯೋಚನೆ ಮಾಡಿ."

ಎಲ್ಲರೂ ಬರೆದುಕೊಂಡರು. ತಾತ ಬರೆದುಕೊಳ್ಳಲಿಲ್ಲ. ಅವರ ಕಿವಿ ಪಾಠದ ಕಡೆ ಇರಲಿಲ್ಲ. ನಾಲ್ಕನೇ ಹುಡುಗಿಯ ಕುತ್ತಿಗೆಯ ನೀಲಿ ಇನ್ನೂ ಸ್ವಲ್ಪ ಗಾಢವಾಗಬೇಕಿತ್ತು ಎಂಬ ಚಿಂತೆಯಲ್ಲಿದ್ದರು. ತಮಗೆ ಆ ಪಾಠದಿಂದ ಆಗಬೇಕಾದ್ದೇನೂ ಇಲ್ಲ, ತಾವು ಬಣ್ಣದವರು ಎಂದು ಅವರ ತಿಳಿವಳಿಕೆ.

ಎರಡನೇ ದಿನ ಬೆಳಿಗ್ಗೆ ಆರನೇ ಹುಡುಗಿ ಜ್ವರ ಎಂದು ಬರಲಿಲ್ಲ. ಅವಳ ತೋಳಿಗೆ ಬರೆಯಬೇಕಿದ್ದ ಚಿತ್ರವೂ ಫೈಲಿನಲ್ಲಿರಲಿಲ್ಲ. "ವೈರಿನ ಏಟಿನ ಚಿತ್ರ, ನನ್ನ ಕೋಣೇಲೇ ಉಳಿದಿದೆ, ತರ್ತೀನಿ ಇರಿ" ಎಂದು ಡಾಕ್ಟರಮ್ಮ ಕೆಳಗೆ ಹೋದರು. ತಾತನಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಅಂಗಿಯ ಎಡತೋಳನ್ನು ಮೇಲಕ್ಕೆ ಮಡಚಿ, ತಮ್ಮ ಕೈಯ ಮೇಲೆಯೇ ಬರೆಯತೊಡಗಿದರು. ಹತ್ತು ನಿಮಿಷದಲ್ಲಿ ಮುಗಿಯಿತು.

ವಾಪಸು ಬಂದ ಡಾಕ್ಟರಮ್ಮ ಬಾಗಿಲಲ್ಲೇ ನಿಂತರು. ಹತ್ತಿರ ಬಂದು, ಕೈಯಲ್ಲಿದ್ದ ಚಿತ್ರವನ್ನು ತಾತನ ತೋಳಿನ ಪಕ್ಕ ಹಿಡಿದರು. ಎರಡೂ ಒಂದೇ ಆಗಿದ್ದವು. ಜೋಡಿ ಗೆರೆ ಬಂದು ತುದಿಯಲ್ಲಿ ಕುಣಿಕೆಯ ಹಾಗೆ ತಿರುಗಿತ್ತು.

"ಇದನ್ನ ನಿಮಗೆ ಯಾರು ತೋರಿಸಿದ್ರು?"

"ಯಾರೂ ಇಲ್ಲಮ್ಮ. ನೆನಪಿನ ಮೇಲೆ ಬರೆದೆ."

"ವೈರು ಬಿದ್ದ ಜಾಗವೇ ಕೆಂಪಾಗುತ್ತೆ ಅಂತ ಎಲ್ಲರೂ ಅಂದ್ಕೊಳ್ತಾರೆ. ನೀವು ನಡುವೆ ಬಿಳಿಚಿದ ಹಾಗೆ ಬಿಟ್ಟು, ಎರಡು ಅಂಚಿಗೆ ಮಾತ್ರ ಕೆಂಪು ಹಾಕಿದೀರಿ. ನಿಜವಾದ ಗುರುತು ಹೀಗೇ ಇರುತ್ತೆ. ನೋಡದೇ ಇದ್ದವರಿಗೆ ಇದು ಗೊತ್ತಿರಲ್ಲ."

ತಾತ ಇದನ್ನು ಮೆಚ್ಚುಗೆ ಎಂದುಕೊಂಡರು. ಎಂಥ ಮಂಕು ಮನುಷ್ಯ! ಮೂವತ್ತು ಜನರ ಎದುರು ಎದ್ದು ನಿಂತು, ವೇದಿಕೆ ಸಿಕ್ಕ ಖುಷಿಯಲ್ಲಿ ಹೇಳಿದರು: "ನೋಡದೇ ಏನಮ್ಮ? ಮುಚ್ಚಿದೀನಲ್ಲ! ನಡುವೆ ಹಸಿರು ಹಾಕಿದ್ರೆ ಕೆಟ್ಟುಹೋಗುತ್ತೆ, ಅಂಚಿಗಷ್ಟೇ ಹಾಕ್ಬೇಕು, ಅದೇ ಗುಟ್ಟು. ಶಾಲೇಲಿ ಒಂದು ಮಗು ಇದೆ, ಅದರ ಒಂದೇ ತೋಳಿಗೆ ಮೂರೂ ಬಣ್ಣ ಹಾಕಿದೀನಿ. ಹಸಿರು, ಕಿತ್ತಳೆ, ನೇರಳೆ. ಫೋಟೋ ನೋಡಿ ಬೇಕಾದ್ರೆ, ಒಂಚೂರೂ ಕಾಣಲ್ಲ!"

ಯಾರೂ ಚಪ್ಪಾಳೆ ತಟ್ಟಲಿಲ್ಲ. ನೀರು ಕುಡಿಯುತ್ತಿದ್ದ ಪೊಲೀಸಪ್ಪ ಲೋಟವನ್ನು ಬಾಯಿಂದ ಇಳಿಸಿದ. ಬಸ್ಸಿನ ಆಯಾ ಸೆರಗು ಬಾಯಿಗೆ ಒತ್ತಿಕೊಂಡಳು. ತಾತ ನಗುಮುಖ ಹೊತ್ತು ಒಬ್ಬೊಬ್ಬರನ್ನೇ ನೋಡಿದರು.

"ಮೂರೂ ಬಣ್ಣ ಯಾಕೆ ಬೇಕಾಯ್ತು?" ಡಾಕ್ಟರಮ್ಮನ ದನಿ ಮೆತ್ತಗಿತ್ತು.

"ಕೆಲವು ಕೆಂಪಗಿತ್ತು. ಕೆಲವು ನೀಲಿ. ಒಂದೆರಡು ಹಳದಿಗೆ ತಿರುಗಿತ್ತು."

"ಮಗುವಿಗೆ ಏನಾಗಿತ್ತು ಅಂದ್ರು?"

"ಅವತ್ತು ಬೆಳಿಗ್ಗೆ ಉಯ್ಯಾಲೆಯಿಂದ ಬಿದ್ದಳು ಅಂತ..."

ಮಾತು ತಮ್ಮ ಬಾಯಿಂದ ಹೊರಟು ತಮ್ಮ ಕಿವಿಗೇ ಬಿದ್ದಾಗ ತಾತ ಅಲ್ಲೇ ನಿಂತರು. ಬಿದ್ದದ್ದು ಒಂದು ಬೆಳಿಗ್ಗೆ. ಬಣ್ಣ ಮೂರು. ಹಳದಿ ಬರಲು ದಿನಗಳು ಬೇಕು ಎನ್ನುವುದನ್ನು ಬಣ್ಣದ ತಾತನಿಗೆ ಯಾವ ಡಾಕ್ಟರೂ ಕಲಿಸಬೇಕಿರಲಿಲ್ಲ. ಮೂವತ್ನಾಲ್ಕು ವರ್ಷದಿಂದ ಗೊತ್ತಿತ್ತು. ಕೈಗೆ ಗೊತ್ತಿತ್ತು, ಕುಂಚಕ್ಕೆ ಗೊತ್ತಿತ್ತು, ತಲೆಗೆ ಮಾತ್ರ ಹೋಗಿರಲಿಲ್ಲ. ಹಿಂದಿದ್ದ ಸ್ಟೂಲನ್ನು ತಡಕಾಡಿ ಕೂತರು.

ಡಾಕ್ಟರಮ್ಮ ಅವರನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ನೀರು ಕೊಟ್ಟರು. ತಾತ ಕುಡಿಯದೆ ಲೋಟ ಹಿಡಿದುಕೊಂಡು, "ಇಲ್ಲಮ್ಮ, ಅವರು ಅಂಥವರಲ್ಲ" ಎಂದರು. ಕೇಳದೆಯೇ ಹೇಳಿದ ಮೊದಲ ಮಾತು ಅದು.

ಅವರು ಎಂದರೆ ಮಗುವಿನ ಅಪ್ಪ. ಶಾಲೆಯಲ್ಲಿ ಆತನನ್ನು ಮೆಚ್ಚದವರಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಒಬ್ಬನೇ ಸಾಕುತ್ತಿದ್ದಾನೆ, ಇನ್ನೊಂದು ಮದುವೆಯ ಮಾತೆತ್ತಿಲ್ಲ, ಜಡೆ ಹೆಣೆಯುವುದನ್ನೂ ಕಲಿತಿದ್ದಾನೆ ಎಂದು ತಾಯಂದಿರೇ ತಮ್ಮ ಗಂಡಂದಿರಿಗೆ ಉದಾಹರಣೆ ಕೊಡುತ್ತಿದ್ದರು. ಕಾರ್ಯಕ್ರಮವೆಂದರೆ ಕುರ್ಚಿ ಹಾಕಲು ಮೊದಲು ಬರುವವನು ಆತನೇ. ತಾತನ ಮಂಡಿ ನೋವು ಕಂಡು, ಬಣ್ಣದ ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆ ಹೊತ್ತುಕೊಂಡು ಹೋಗಿ ಕೊಡುವವನು, "ಮೇಷ್ಟ್ರೇ" ಎಂದು ಬಾಯಿತುಂಬ ಕರೆಯುವವನು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಾದೆ ಇದೆ ನಿಜ, ಆದರೆ ನಮ್ಮ ಪೆಟ್ಟಿಗೆ ಹೊರುವವನ ವಿಷಯದಲ್ಲಿ ಆ ಗಾದೆ ಯಾರಿಗೆ ನೆನಪಾಗುತ್ತದೆ?

"ಎಷ್ಟು ಸಲ ಮುಚ್ಚಿದೀರಿ?" ಎಂದು ಡಾಕ್ಟರಮ್ಮ ಕೇಳಿದರು.

"ಒಂದೇ... ಇಲ್ಲ. ಹೋದ ವರ್ಷ ವಾರ್ಷಿಕೋತ್ಸವಕ್ಕೆ ಕಿವಿಯ ಹಿಂದೆ." ತಾತ ಬೆರಳು ಮಡಚಿದರು. "ನೃತ್ಯ ಸ್ಪರ್ಧೆ ದಿನ ಮೀನಖಂಡದ ಮೇಲೆ. ಮೊನ್ನೆ ಮೊನ್ನೆ ಈ ತೋಳು." ಮೂರು ಬೆರಳು ಮಡಚಿದ ಕೈಯನ್ನೇ ಅವರು ನೋಡುತ್ತ ಕೂತರು. "ನಾನು ಒತ್ತಿದ್ರೂ ಅಲ್ಲಾಡ್ತಿರಲಿಲ್ಲಮ್ಮ ಅವಳು. ಈ ಮಗು ನೋಡಿ ಕಲೀರಿ ಅಂತ ಉಳಿದ ಮಕ್ಕಳಿಗೆ ಹೇಳ್ತಿದ್ದೆ."

ಆಗಲೇ ತಾತನ ಫೋನು ರಿಂಗಾಯಿತು. ಮಗುವಿನ ಅಪ್ಪನ ಹೆಸರು ನೋಡಿದ ತಾತ ಫೋನನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದರು. ಡಾಕ್ಟರಮ್ಮ ಸ್ಪೀಕರ್ ಒತ್ತಿ, ಮಾತಾಡಿ ಎಂದು ಕಣ್ಣಲ್ಲೇ ಹೇಳಿದರು.

"ಮೇಷ್ಟ್ರೇ, ಇವತ್ತು ನಾಲ್ಕು ಗಂಟೆಗೆ ವೇಷದ ಫೋಟೋ ಅಲ್ವಾ? ನಮ್ಮ ಪುಟ್ಟಿ ಮತ್ತೆ ಬಿದ್ದು ಎಡವಟ್ಟು ಮಾಡ್ಕೊಂಡಿದ್ದಾಳೆ. ಈ ಸಲ ಹಕ್ಕಿ ವೇಷ, ಅಂಗಿಗೆ ತೋಳೂ ಇಲ್ಲ. ನಿಮ್ಮ ಕೈಚಳಕವೇ ಗತಿ. ಮೂರೂವರೆಗೇ ಕರ್ಕೊಂಡು ಬರ್ಲಾ?"

"ಹೂಂ" ಎಂದರು ತಾತ.

ಡಾಕ್ಟರಮ್ಮ ಮಕ್ಕಳ ರಕ್ಷಣಾ ಕಚೇರಿಯ ನಂಬರನ್ನು ಒತ್ತಿ ಫೋನನ್ನು ತಾತನ ಮುಂದೆ ಹಿಡಿದರು. "ನೋಡಿರೋದು ನೀವು. ನೀವೇ ಹೇಳಬೇಕು."

"ಅಕಸ್ಮಾತ್ ನನ್ನ ಲೆಕ್ಕ ತಪ್ಪಾಗಿದ್ರೆ? ತಾಯಿಯಿಲ್ಲದ ಮಗೂನ ಅಪ್ಪನಿಂದಲೂ ಕಿತ್ತ ಪಾಪ ಬರಲ್ವಾ?"

"ತೀರ್ಪು ಹೇಳೋದು ನಿಮ್ಮ ಕೆಲಸ ಅಲ್ಲ. ಅನುಮಾನ ಬಂದ್ರೆ ತಿಳಿಸೋದಷ್ಟೇ ನಿಮ್ಮ ಕೆಲಸ. ತಪ್ಪಾಗಿದ್ರೆ ವಿಚಾರಿಸಿದವರಿಗೆ ಗೊತ್ತಾಗುತ್ತೆ. ಸರಿಯಾಗಿದ್ದು ನೀವು ಸುಮ್ಮನಿದ್ರೆ ಯಾರಿಗೂ ಗೊತ್ತಾಗಲ್ಲ."

ತಾತ ಹೇಳಿದರು. ತಡವರಿಸುತ್ತ, ದಿನಾಂಕಗಳನ್ನು ಹಿಂದುಮುಂದು ಮಾಡುತ್ತ ಹೇಳಿದರು. ಆ ಕಡೆಯಿಂದ ಅಧಿಕಾರಿಣಿ, ಡಾಕ್ಟರಮ್ಮನನ್ನೂ ಕರೆದುಕೊಂಡು ನಾಲ್ಕರೊಳಗೆ ಶಾಲೆಗೆ ಬರುತ್ತೇವೆ, ಅಲ್ಲಿಯವರೆಗೆ ಮಗು ನಿಮ್ಮ ಹತ್ತಿರವೇ ಇರಲಿ ಎಂದರು. ಮೆಟ್ಟಿಲಿಳಿಯುವಾಗ ಡಾಕ್ಟರಮ್ಮ ಮತ್ತೊಮ್ಮೆ ಹೇಳಿಕೊಟ್ಟರು. "ಕೆದಕಿ ಕೇಳಬೇಡಿ. ಅವಳೇ ಹೇಳಿದ್ರೆ ಕೇಳಿಸಿಕೊಳ್ಳಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ. ನಿಮಗೆಷ್ಟೇ ಆಘಾತ ಆದ್ರೂ ಮುಖದಲ್ಲಿ ತೋರಿಸಬೇಡಿ, ತನ್ನಿಂದ ತಪ್ಪಾಯ್ತು ಅಂದ್ಕೊಳ್ಳುತ್ತೆ ಮಗು. ಇವತ್ತು ಮಾತ್ರ ಮುಚ್ಚಬೇಡಿ." ಈ ಸಲ ತಾತ ಒಂದಕ್ಷರ ಬಿಡದೆ ಕೇಳಿಸಿಕೊಂಡರು. ಮಡಚಿದ ಅಂಗಿಯ ತೋಳನ್ನು ಕೆಳಗೆಳೆದು ಗುಂಡಿ ಹಾಕಿಕೊಂಡರು. ಅದರ ಕೆಳಗೆ ಬರೆದದ್ದನ್ನು ಒರೆಸಿಕೊಳ್ಳುವುದು ಆ ಗಡಿಬಿಡಿಯಲ್ಲಿ ಮರೆತೇಹೋಯಿತು.

ಶಾಲೆಯ ಗೇಟಿನಲ್ಲಿ ಅಪ್ಪ ಕಾದು ನಿಂತಿದ್ದ. "ಕೊಡಿ ಮೇಷ್ಟ್ರೇ, ನಿಮ್ಮ ಮಂಡಿಗೆ ಮೆಟ್ಟಿಲೇ ಶತ್ರು" ಎಂದು ಪೆಟ್ಟಿಗೆ ತೆಗೆದುಕೊಂಡ. ಪೆಟ್ಟಿಗೆಯ ಹಿಡಿಯನ್ನು ಸುತ್ತಿದ್ದ ಆ ಬೆರಳುಗಳನ್ನು ನೋಡುತ್ತ ತಾತ ಹಿಂದೆ ಹತ್ತಿದರು. ಉಗುರು ನೀಟಾಗಿ ಕತ್ತರಿಸಿತ್ತು. ಇದೇ ಕೈ ಎಂದುಕೊಂಡರೆ ಕಾಲು ಮೆಟ್ಟಿಲು ತಪ್ಪುತ್ತಿತ್ತು. ಇದಲ್ಲದಿರಲಿ ಎಂದುಕೊಂಡರೆ, ಮತ್ತೆ ಯಾವ ಕೈ ಎಂಬ ಪ್ರಶ್ನೆ. ಹುಡುಗಿ ಅಪ್ಪನಿಗಿಂತ ಎರಡು ಮೆಟ್ಟಿಲು ಮುಂದೆ, ಗೋಡೆಗೆ ಅಂಟಿಕೊಂಡ ಹಾಗೆ ಹತ್ತುತ್ತಿದ್ದಳು. ಒಂಬತ್ತು ವರ್ಷ. ಬಿಸಿಲಿನಲ್ಲೂ ಉದ್ದ ತೋಳಿನ ಸ್ವೆಟರ್ ಹಾಕಿದ್ದಳು.

ನಾಲ್ಕನೇ ತರಗತಿಯ ಕೋಣೆಯನ್ನು ಮೇಕಪ್ಪಿಗೆ ಬಿಟ್ಟುಕೊಟ್ಟಿದ್ದರು. ಬೆಂಚುಗಳನ್ನು ಗೋಡೆಗೆ ತಳ್ಳಿ ನಡುವೆ ಎರಡು ಕುರ್ಚಿ ಹಾಕಿತ್ತು. ಬೋರ್ಡಿನ ಮೇಲೆ ಅರ್ಧ ಅಳಿಸಿದ ಭಾಗಾಕಾರ. ಅಪ್ಪ ಪೆಟ್ಟಿಗೆ ಇಟ್ಟು, "ಮೇಷ್ಟ್ರಿಗೆ ತೊಂದರೆ ಕೊಡಬೇಡ ಪುಟ್ಟೀ" ಎಂದ. ಹುಡುಗಿ ಒಂದು ಸಲ ತಲೆಯಾಡಿಸಿದರೆ ಸಾಕಿತ್ತು, ಮೂರು ಸಲ ಆಡಿಸಿದಳು. ಕೆಳಗೆ ಫೋಟೋಗೆ ಬೆಂಚು ಜೋಡಿಸಬೇಕು ಎಂದು ಆತ ಇಳಿದುಹೋದ.

ಅಪ್ಪನ ಹೆಜ್ಜೆ ಸದ್ದು ನಿಂತ ಮೇಲೆ ಹುಡುಗಿ ತಾನಾಗಿ ಸ್ವೆಟರ್ ತೆಗೆದು, ಮಡಚಿ, ತೊಡೆಯ ಮೇಲಿಟ್ಟುಕೊಂಡು ಕೈ ಚಾಚಿದಳು. ಯಾರೂ ಹೇಳಲಿಲ್ಲ. ಅಂಗಡಿಯಲ್ಲಿ ಸಾಮಾನಿನ ಪಟ್ಟಿ ಒಪ್ಪಿಸುವ ಹಾಗೆ, "ಇವತ್ತು ಹಸಿರು ಜಾಸ್ತಿ ಬೇಕು ತಾತ. ನೇರಳೆ ಸ್ವಲ್ಪ ಸಾಕು, ಹಳೇದು ಹೋಗ್ತಾ ಬಂತು" ಎಂದಳು.

ಮಗ್ಗಿ ಕಲಿಸಿದ್ದು ಅವರೇ. ಮುಖದಲ್ಲಿ ತೋರಿಸಬೇಡಿ ಎಂದಿದ್ದರಲ್ಲ ಡಾಕ್ಟರಮ್ಮ. ಮುಖ ಮರೆಮಾಡಲು ಬೇರೇನೂ ತೋಚದೆ, ಪೆಟ್ಟಿಗೆಯ ಕಡೆ ತಿರುಗಿ, ಕೆಲಸ ಶುರುಮಾಡುವ ಮುಂಚಿನ ಎಂದಿನ ಅಭ್ಯಾಸದಂತೆ ಅಂಗಿಯ ಎರಡೂ ತೋಳು ಮೇಲೇರಿಸಿಕೊಂಡರು.

"ತಾತಾ," ಹುಡುಗಿಯ ದನಿ ಪಿಸುಮಾತಿಗೆ ಇಳಿಯಿತು. "ನಿಮಗೂನಾ?"

ಅವಳು ಕುರ್ಚಿಯಿಂದ ಜಾರಿ ಹತ್ತಿರ ಬಂದು, ತಾತನ ಎಡಗೈಯ ಕುಣಿಕೆ ಗುರುತಿನ ಪಕ್ಕದಲ್ಲಿ ಬೆರಳಿಟ್ಟಳು. ಗುರುತಿನ ಮೇಲೆ ಇಡಲಿಲ್ಲ, ಪಕ್ಕದಲ್ಲಿ ಇಟ್ಟಳು. ಮೇಲೆ ಮುಟ್ಟಿದರೆ ಎಷ್ಟು ನೋಯುತ್ತದೆ ಎಂದು ಅವಳಿಗೆ ತಿಳಿದಿತ್ತು.

"ನಿಮ್ಮಪ್ಪನೂ ಚಾರ್ಜರ್ ವೈರಲ್ಲೇ ಹೊಡೀತಾರಾ?"

ಅರವತ್ತೆರಡು ವರ್ಷದ ತಾತ ಇನ್ನೊಂದು ಕುರ್ಚಿಯ ಮೇಲೆ ಕೂತರು. ಉತ್ತರ ಬೇಕಿದ್ದ ಪ್ರಶ್ನೆಗೆಲ್ಲ ಉತ್ತರ ಅವಳ ಆ ಮಾತಿನೊಳಗೇ ಇತ್ತು. "ಇಲ್ಲ ಪುಟ್ಟಿ. ಇದು ಬಣ್ಣ. ನೋಡು" ಎಂದು ಹತ್ತಿಗೆ ಎಣ್ಣೆ ಹಾಕಿ ಒರೆಸಿ ತೋರಿಸಿದರು. ಗುರುತು ಹತ್ತಿಗೆ ಬಂತು. ಕೆಳಗೆ ಮುದಿ ಚರ್ಮ ಸುಮ್ಮನೆ ಇತ್ತು.

ಹುಡುಗಿ ಆ ತೋಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಹಾಗಾದ್ರೆ ನಿಮಗೆ ಕೆಳಗೆ ಏನೂ ಇಲ್ವಾ?"

"ಇಲ್ಲಮ್ಮ."

"ಸಾಲಲ್ಲಿ ನಿಂತ್ಕೊಳ್ಳೋರಿಗೆ?"

"ಯಾರಿಗೆ?"

"ಎಲ್ಲರಿಗೂ. ನೀವು ಎಲ್ಲರ ಕೈಗೂ ಹಚ್ತೀರಲ್ಲ ತಾತ. ಎಲ್ಲರಿಗೂ ಕೆಳಗೆ ಹೀಗೇ ಇರುತ್ತೆ, ಅದಕ್ಕೇ ಹಚ್ತೀರಾ ಅಂದ್ಕೊಂಡಿದ್ದೆ." ಸ್ವಲ್ಪ ಯೋಚಿಸಿ ಸೇರಿಸಿದಳು, "ನೀವು ನನ್ನದು ನೋಡಿದ್ರಿ. ಏನೂ ಅನ್ನಲಿಲ್ಲ. ಹೇಳೋ ಅಂಥದ್ದಲ್ಲ ಅಂದ್ಕೊಂಡೆ."

ಕೆಂಪಿಗೆ ಹಸಿರು ಎಂದು ಮೂವತ್ತು ಮಕ್ಕಳು ಕಿರುಚುವಾಗ ಈ ಒಂದು ಮಗು, ಪಾಪ, ಎಲ್ಲರೂ ತನ್ನ ಹಾಗೇ ಎಂದು ಸಮಾಧಾನ ಮಾಡಿಕೊಂಡು ದನಿಗೂಡಿಸಿತ್ತು. ಎರಡು ವರ್ಷ! ಪಕ್ಕದಲ್ಲಿ ನಿಂತವಳ ತೋಳಿನ ಕೆಳಗೂ ಅದೇ, ಹಿಂದೆ ನಿಂತವನ ತೋಳಿನ ಕೆಳಗೂ ಅದೇ ಎಂದುಕೊಂಡು. ಹೊಡೆದವನು ಅಪ್ಪನೇ ಸರಿ. ಆದರೆ ಇದು ಲೋಕದ ರೀತಿ ಎಂದು ಆ ಮಗುವಿಗೆ ಕಲಿಸಿದ್ದು ತಾತನ ಬಣ್ಣದ ಪೆಟ್ಟಿಗೆ.

"ಯಾರಿಗೂ ಇಲ್ಲ ಪುಟ್ಟಿ" ಎಂದರು ತಾತ. "ಯಾರಿಗೂ ಇರಬಾರದು. ನೀನು ಹೇಳಿದ್ದು ಒಳ್ಳೇದಾಯ್ತು. ನಾನು ಅವತ್ತೇ ಕೇಳಬೇಕಿತ್ತು. ತಪ್ಪು ನಂದು, ನಿಂದಲ್ಲ."

"ಹಾಗಾದ್ರೆ ಇವತ್ತು ಹಚ್ಚಲ್ವಾ? ಅಪ್ಪ ಕೇಳಿದ್ರೆ?"

"ತಾತ ಹಚ್ಚಲ್ಲ ಅಂದ್ರು ಅಂತ ನಾನೇ ಹೇಳ್ತೀನಿ. ಈಗ ಇಬ್ಬರು ಮೇಡಂ ಬರ್ತಾರೆ. ಒಬ್ಬರು ಡಾಕ್ಟರು. ಅವರು ಬರೋವರೆಗೂ ನಾನು ಇಲ್ಲಿಂದ ಏಳಲ್ಲ."

ಅವರು ಬಂದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ತಾತ ಎದ್ದಿರಲಿಲ್ಲ, ಬಣ್ಣದ ಡಬ್ಬಿಗಳು ಮುಚ್ಚಿಯೇ ಇದ್ದವು. ಅಧಿಕಾರಿಣಿ ಹುಡುಗಿಯ ಕುರ್ಚಿಯ ಮುಂದೆ ನೆಲದ ಮೇಲೆ ಕೂತು ತನ್ನ ಪರಿಚಯ ಹೇಳಿಕೊಂಡರು. ಅಷ್ಟರಲ್ಲಿ ಬಾಗಿಲಿಗೆ ಅಪ್ಪ ಬಂದ. ಮಗಳ ಬರಿಯ ತೋಳನ್ನು ನೋಡಿದ, ಡಾಕ್ಟರಮ್ಮನ ಕೊರಳ ಗುರುತುಚೀಟಿಯನ್ನು ನೋಡಿದ, ಕೊನೆಗೆ ತಾತನ ಕಡೆ ತಿರುಗಿದ.

"ಮೇಷ್ಟ್ರೇ, ನೀವಾ?"

ಆತನ ಮುಖದಲ್ಲಿ ಕೋಪಕ್ಕಿಂತ ಹೆಚ್ಚು ಆಘಾತವೇ ಇತ್ತು. ಜಗತ್ತಿನಲ್ಲಿ ಯಾರು ಕೈಬಿಟ್ಟರೂ ಈ ಮುದುಕ ಕೈಬಿಡುವುದಿಲ್ಲ ಎಂದು ಅಷ್ಟು ನಂಬಿದ್ದ. ಆ ನಂಬಿಕೆಗೆ ತಕ್ಕ ಹಾಗೇ ತಾತ ಇಷ್ಟು ದಿನ ನಡೆದುಕೊಂಡಿದ್ದರು.

ಹುಡುಗಿಯನ್ನು ಅಂದೇ ಆಸ್ಪತ್ರೆಗೆ ಕರೆದೊಯ್ದು ತಪಾಸಣೆ ಮಾಡಿದರು. ಪಕ್ಕದ ಊರಿನಿಂದ ಅವಳ ದೊಡ್ಡಮ್ಮ ಅಳುತ್ತಲೇ ಬಂದು ತನ್ನ ಮನೆಗೆ ಕರೆದುಕೊಂಡು ಹೋದರು. ಅಪ್ಪನ ಮೇಲೆ ವಿಚಾರಣೆ ಶುರುವಾಯಿತು. ಕಚೇರಿಯಲ್ಲಿ ತಾತ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆಸಿದರು: ಮೂರು ಸಲ, ಮೂರು ಜಾಗ, ತಮ್ಮ ಕೈಯ ಬಣ್ಣ ನೋಡಿ ಮಗು ಆಡಿದ ಮಾತು, ಎಲ್ಲ. ಮುಗಿದ ಮೇಲೆ ಅಧಿಕಾರಿಣಿ ಪೆನ್ನು ಮುಚ್ಚದೆ ಕೇಳಿದರು, "ಮೂವತ್ನಾಲ್ಕು ವರ್ಷ ಅಂದ್ರಿ. ಇವಳೊಬ್ಬಳೇನಾ?"

ತಾತನಿಗೆ ಇವಳ ತೋಳು ನೆನಪಿದ್ದದ್ದು ಮೂರು ಬಣ್ಣ ಬೇಕಾಗಿತ್ತು ಎಂಬ ಹೆಮ್ಮೆಗೆ. ಒಂದೇ ಬಣ್ಣದಲ್ಲಿ ಮುಗಿದ ತೋಳುಗಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಮನೆಗೆ ಬಂದು ಹೇಳಿದಾಗ ಹೆಂಡತಿ ಹೊಲಿಗೆ ಯಂತ್ರದ ಚಕ್ರಕ್ಕೆ ಕೈ ಅಡ್ಡಹಿಡಿದು ನಿಲ್ಲಿಸಿದರು. ಆಮೇಲೆ, "ಹೋದ ವರ್ಷ ಆ ಮಗುವಿನ ಅಂಗಿಗೆ ಮಾತ್ರ ಉದ್ದ ತೋಳು ಇಡಿ ಅಂತ ಅವರಪ್ಪ ಅಂದಿದ್ರು ಕಣ್ರೀ. ಚಳಿ ತಡೆಯಲ್ಲ ಅವಳಿಗೆ ಅಂತ. ಎಂಥ ಕಾಳಜಿ ಅಂದ್ಕೊಂಡು ನಾನೂ ಹೊಲಿದುಕೊಟ್ಟೆ" ಎಂದರು.

ಮರುದಿನ ಬೆಳಿಗ್ಗೆ ಇಬ್ಬರೂ ಕಿಟಕಿಯ ಬೆಳಕಿಗೆ ಕೂತು ಆಲ್ಬಂ ತೆರೆದರು. ಹೆಂಡತಿ ಸೂಜಿಗೆ ದಾರ ಪೋಣಿಸುವಾಗ ಹಿಡಿಯುವ ಭೂತಗನ್ನಡಿ ತಂದರು. ಮೂವತ್ನಾಲ್ಕು ಫೋಟೋ. ಹೂವಾದ ಮಕ್ಕಳು, ಮೀನಾದ ಮಕ್ಕಳು, ಮರವಾದ ಮಕ್ಕಳು. ತಾತ ಒಂದೊಂದು ತೋಳಿನ ಮೇಲೆ, ಒಂದೊಂದು ಕುತ್ತಿಗೆಯ ಮೇಲೆ ಗಾಜು ಸರಿಸುತ್ತ ಹೋದರು. ಒಂದು ಗೆರೆ ಸಿಕ್ಕರೂ ಸಾಕು, ಈಗ ಎಲ್ಲಿದ್ದರೂ ಆ ಮಗುವನ್ನು ಹುಡುಕಿಕೊಂಡು ಹೋಗಿ ಕಾಲು ಹಿಡಿಯುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡರು. ಮಧ್ಯಾಹ್ನದವರೆಗೂ ನೋಡಿದರು. ಹೆಂಡತಿ ಗಾಜು ಇಸಿದುಕೊಂಡು ಮತ್ತೆ ಮೊದಲಿನಿಂದ ನೋಡಿದರು.

ಎಲ್ಲಿಯೂ ಏನೂ ಕಾಣಲಿಲ್ಲ. ತಾತ ಅಷ್ಟು ಚೆನ್ನಾಗಿ ಮುಚ್ಚಿದ್ದರು.